ರಾಕೆಟ್ ಊರಿನ ರಾಹುಕಾಲ

ಹೆಬ್ಬಾಳ ಫ್ಲೈಓವರ್ ಮಧ್ಯದಲ್ಲಿ ಒಂದು ಗೂಟ ಹೊಡೆಯಿರಿ. ಅದಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಉದ್ದದ ಹಗ್ಗ ಕಟ್ಟಿ ಒಂದು ಸುತ್ತು ಬನ್ನಿ. ಆ ಸುತ್ತಿನೊಳಗೆ ಏನೇನಿದೆ ಗೊತ್ತಾ? ಯಶವಂತಪುರದ ಮಗ್ಗುಲಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ ಇದೆ, ನಮ್ಮ ಜನ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯೋದು. ನ್ಯೂ ಬಿಇಎಲ್ ರಸ್ತೆಯಲ್ಲಿ ಇಸ್ರೋ ಕೇಂದ್ರ ಕಚೇರಿ ಇದೆ. ಸದಾಶಿವನಗರದಲ್ಲಿ ಸರ್ ಸಿ.ವಿ. ರಾಮನ್ ಕಟ್ಟಿದ ಸಂಶೋಧನಾ ಸಂಸ್ಥೆ, ಬಳ್ಳಾರಿ ರಸ್ತೆಯಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಯಲಹಂಕದಲ್ಲಿ 1996ರಿಂದ ಏರ್ ಶೋ ನಡೆಸಿಕೊಂಡು ಬಂದಿರೋ ವಾಯುನೆಲೆ. ಒಂದೇ ಊರಿನ ಒಂದೇ ಮೂಲೆಯಲ್ಲಿ ಇಷ್ಟೊಂದು ವಿಜ್ಞಾನ ದೇಶದಲ್ಲಿ ಬೇರೆಲ್ಲಿ ಸಿಗುತ್ತೆ?

ಈಗ ಅದೇ ಹಗ್ಗ ಹಿಡಿದು ಇನ್ನೊಂದು ಸುತ್ತು ಬನ್ನಿ. ಕಟ್ತಾ ಇರೋ ಪ್ರತಿ ಅಪಾರ್ಟ್‌ಮೆಂಟಿನ ಮುಂದೆ ನಾಲಿಗೆ ಚಾಚಿದ ದೃಷ್ಟಿಗೊಂಬೆ ನೇತಾಡ್ತಿದೆ. ಆಟೋ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ. ಅಮಾವಾಸ್ಯೆ ಮಾರನೇ ದಿನ ಆರ್.ಟಿ. ನಗರದ ಸರ್ಕಲ್ಲುಗಳಲ್ಲಿ ಒಡೆದ ಬೂದುಗುಂಬಳ. ಯಾರದೋ ಮನೆಗೆ ತಾಗಿದ ದೃಷ್ಟಿ ತೆಗೆಯೋಕೆ ಒಡೆದ ಕಾಯಿ ಮೇಲೆ ಇನ್ಯಾರದೋ ಸ್ಕೂಟರ್ ಜಾರುತ್ತೆ. ಪೂರ್ವಕ್ಕೆ ಬಾಗಿಲಿರೋ ಫ್ಲ್ಯಾಟಿಗೆ ರೇಟು ಬೇರೆ, ದಕ್ಷಿಣಕ್ಕಿದ್ರೆ ಚೌಕಾಸಿ ಬೇರೆ. ಕೊಳ್ಳೋರು ಯಾರು? ಕೃತಕ ಬುದ್ಧಿಮತ್ತೆಗೆ ಕೋಡ್ ಬರೆಯೋ ಇಂಜಿನಿಯರುಗಳು.

"ಇದೆಲ್ಲಾ ಓದು ಬರಹ ಇಲ್ಲದವರ ಕಥೆ, ಶಿಕ್ಷಣ ಬಂದರೆ ಮೌಢ್ಯ ಹೋಗುತ್ತೆ" ಅಂತ ನಾವು ಶಾಲೆಯಲ್ಲಿ ಪ್ರಬಂಧ ಬರೆದು ಹತ್ತಕ್ಕೆ ಎಂಟು ಅಂಕ ತಗೊಂಡಿದ್ದೀವಿ. ಆದರೆ ಈ ಊರಿನ ಇತಿಹಾಸ ತೆಗೆದು ನೋಡಿದ್ರೆ ಆ ಪ್ರಬಂಧಕ್ಕೆ ಸೊನ್ನೆ ಕೊಡಬೇಕಾಗುತ್ತೆ.

1898ಕ್ಕೆ ಹೋಗೋಣ. ಆ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಬಂದಿದ್ದು ರೈಲಿನಲ್ಲಿ, ಹುಬ್ಬಳ್ಳಿ ಕಡೆಯಿಂದ. ಪೇಟೆಯ ಕಿಷ್ಕಿಂಧೆಯಂಥ ಬೀದಿಗಳಲ್ಲಿ ಇಲಿ ಸತ್ತವು, ಹಿಂದೆಯೇ ಮನುಷ್ಯರು ಸತ್ತರು. ಜನ ಮನೆಗೆ ಬೀಗ ಹಾಕಿ ಓಡಿದರು. ಮಲ್ಲೇಶ್ವರ, ಬಸವನಗುಡಿಯಂಥ ಗಾಳಿ ಬೆಳಕಿನ ಬಡಾವಣೆಗಳು ಬೇಗ ಬೇಗ ಬೆಳೆದದ್ದಕ್ಕೆ ಈ ಪ್ಲೇಗೂ ಒಂದು ಕಾರಣ. ಅದೇ ಹೊತ್ತಿಗೆ ಊರಿಗೆ ಇನ್ನೊಬ್ಬಳು ಬಂದಳು. ಅವಳ ಹೆಸರು ಪ್ಲೇಗಮ್ಮ. ಇವತ್ತಿಗೂ ಬೆಂಗಳೂರಿನಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳಿವೆ, ಪೂಜೆಯೂ ನಡೆಯುತ್ತೆ.

ಗಮನಿಸಬೇಕಾದ ಸಂಗತಿ ಇದು. ಪ್ಲೇಗ್ ಯಾಕೆ ಬರುತ್ತೆ ಅಂತ ಜಗತ್ತಿಗೆ ಆಗ ಗೊತ್ತಿರಲಿಲ್ಲವಾ? ಗೊತ್ತಿತ್ತು. 1894ರಲ್ಲೇ ಹಾಂಕಾಂಗ್‌ನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಆ ಬ್ಯಾಕ್ಟೀರಿಯಾ ಹಿಡಿದಿದ್ದ. 1897ರಲ್ಲಿ ಬೊಂಬಾಯಿಯಲ್ಲಿ ಹಾಫ್‌ಕಿನ್ ಲಸಿಕೆ ತಯಾರಿಸಿದ್ದ. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತೆ ಅಂತ ಪಾಲ್ ಲೂಯಿ ಸಿಮಾಂಡ್ ಕಂಡುಕೊಂಡಿದ್ದು ಇದೇ 1898ರಲ್ಲಿ. ಅದೇ ವರ್ಷದ ಕೊನೇ ದಿನ ಜಮ್‌ಷೆಡ್‌ಜಿ ಟಾಟಾ ಅವರ ವಿಜ್ಞಾನ ಸಂಸ್ಥೆಯ ಯೋಜನೆ ವೈಸರಾಯ್ ಕರ್ಜನ್ ಕೈಗೆ ತಲುಪಿತು. ಮುಂದೆ ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟು, ಆ ಸಂಸ್ಥೆ ಯಶವಂತಪುರದ ಪಕ್ಕದಲ್ಲಿ ಎದ್ದು ನಿಂತಿತು. ಅಂದ್ರೆ ಇಸವಿ ಒಂದೇ. ಆ ಇಸವಿಯಲ್ಲಿ ಹುಟ್ಟಿದ ವಿಜ್ಞಾನದ ಕನಸೂ ಬೆಂಗಳೂರಿಗೆ ಬಂತು, ದೇವತೆಯೂ ಬಂದಳು. ಇಬ್ಬರಿಗೂ ಇಲ್ಲಿ ಜಾಗ ಸಿಕ್ಕಿತು.

ಯಾಕೆ? ಲಸಿಕೆ ಅಂದ್ರೆ ಅಂದಿನ ಜನಕ್ಕೆ ಸೂಜಿ ಹಿಡಿದು ಬರೋ ಸರ್ಕಾರಿ ಆಳು. ಮನೆಯವರನ್ನ ಎಳೆದುಕೊಂಡು ಹೋಗೋ ಪ್ಲೇಗ್ ಕ್ಯಾಂಪು. ವಿಜ್ಞಾನ ಅವರ ಬಾಗಿಲಿಗೆ ಬಂದದ್ದು ಪೊಲೀಸ್ ವೇಷದಲ್ಲಿ. ಪ್ಲೇಗಮ್ಮ ಹಾಗಲ್ಲ. ಅವಳ ಮುಂದೆ ಕೂತು ಅಳಬಹುದು, ಹರಕೆ ಹೊರಬಹುದು. ವಿಜ್ಞಾನ ಕಾರಣ ಹೇಳಿತು, ಗುಡಿ ಸಮಾಧಾನ ಹೇಳಿತು. ಸಾವು ಪಕ್ಕದ ಮನೆಗೆ ಬಂದಿರುವಾಗ ಮನುಷ್ಯ ಯಾವುದರ ಕಡೆ ಮೊದಲು ಓಡ್ತಾನೆ, ನೀವೇ ಹೇಳಿ.

ಇದಕ್ಕೂ ತೊಂಬತ್ತು ವರ್ಷ ಹಿಂದೆ ಮೈಸೂರು ಅರಮನೆ ಇದೇ ಸಮಸ್ಯೆಯನ್ನ ಹೆಚ್ಚು ಜಾಣತನದಿಂದ ನಿಭಾಯಿಸಿತ್ತು. ಸಿಡುಬಿನ ಲಸಿಕೆ ಆಗಷ್ಟೇ ಭಾರತಕ್ಕೆ ಬಂದಿತ್ತು. ಹಸುವಿನ ರೋಗದ ರಸ ಮೈಗೆ ಚುಚ್ಚಿಸಿಕೊಳ್ಳೋಕೆ ಯಾರು ಒಪ್ತಾರೆ? 1805ರ ಹೊತ್ತಿಗೆ ಥಾಮಸ್ ಹಿಕ್ಕಿ ಅನ್ನೋ ಚಿತ್ರಕಾರ ಮೈಸೂರಿನ ರಾಜಮನೆತನದ ಮೂವರು ಹೆಣ್ಣುಮಕ್ಕಳ ಚಿತ್ರ ಬರೆದ. ಅವರಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸ್ತಾ ನಿಂತಿದ್ದಾಳೆ. ಲಸಿಕೆ ಹಾಕಿಸಿಕೊಂಡ ಜಾಗ ತೋರಿಸೋಕೇ ಆ ಭಂಗಿ ಅಂತ ಇತಿಹಾಸಕಾರರು ಗುರುತಿಸಿದ್ದಾರೆ. ಅಂದ್ರೆ ಅದು ಇನ್ನೂರು ವರ್ಷ ಹಿಂದಿನ ಸೆಲೆಬ್ರಿಟಿ ಜಾಹೀರಾತು! ಜನರೂ ಲಸಿಕೆಗೆ ತಮ್ಮದೇ ಹೆಸರಿಟ್ಟರು. ಸಿಡುಬಿನ ಚುಚ್ಚುಮದ್ದಿಗೆ ನಮ್ಮ ಅಜ್ಜಿಯರು ಹೇಳ್ತಿದ್ದದ್ದು "ದೇವಿ ಹಾಕಿಸೋದು" ಅಂತ. ರೋಗವೂ ದೇವಿ, ಔಷಧಿಯೂ ದೇವಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯಿಂದಲೇ ನಾಶವಾಯ್ತು ಅಂತ ಘೋಷಿಸಿತು. ನಂಬಿಕೆ ಅಡ್ಡ ನಿಲ್ಲದಿದ್ದರೆ ವಿಜ್ಞಾನ ಅದರ ಜೊತೆ ಜಗಳ ಕಾಯಬೇಕಿಲ್ಲ ಅನ್ನೋದಕ್ಕೆ ಇದು ಸಾಕ್ಷಿ.

ಆದರೆ ಅಡ್ಡ ನಿಂತಾಗ? ಆಗ ಒಬ್ಬ ಮನುಷ್ಯ ಬೇಕಾಗ್ತಾನೆ. ನಮಗೆ ಸಿಕ್ಕವರು ಡಾ. ಎಚ್. ನರಸಿಂಹಯ್ಯ.

ಎಚ್ಚೆನ್ ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ, ಬಡ ಕುಟುಂಬದಲ್ಲಿ. ಓದಬೇಕು ಅನ್ನೋ ಹಟಕ್ಕೆ ಹುಡುಗ ಅಷ್ಟು ದೂರದಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದ. ಭೌತಶಾಸ್ತ್ರ ಓದಿದರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದರು, ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ವಾಪಸ್ ಬಂದು ನ್ಯಾಷನಲ್ ಕಾಲೇಜಿನಲ್ಲಿ ಪಾಠ ಹೇಳಿದರು. ಮದುವೆ ಆಗಲಿಲ್ಲ. ಖಾದಿ ಬಟ್ಟೆ, ಹಾಸ್ಟೆಲ್ ರೂಮು, ಅಷ್ಟೇ ಆಸ್ತಿ. ಬೆಂಗಳೂರು ವಿಜ್ಞಾನ ವೇದಿಕೆ ಶುರು ಮಾಡಿದವರೂ ಅವರೇ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಎಚ್ಚೆನ್ ಒಂದು ಸಮಿತಿ ಮಾಡಿದರು. ಕೆಲಸ ಏನು? ಪವಾಡ ಮತ್ತು ಮೂಢನಂಬಿಕೆಗಳನ್ನ ವೈಜ್ಞಾನಿಕವಾಗಿ ಪರೀಕ್ಷಿಸೋದು. ವಿಶ್ವವಿದ್ಯಾಲಯ ಅಂದ್ರೆ ಪರೀಕ್ಷೆ, ಫಲಿತಾಂಶ, ಘಟಿಕೋತ್ಸವ ಅಂತ ತಿಳಿದಿದ್ದ ಊರಿಗೆ ಇದು ಬಾಂಬ್ ಬಿದ್ದಂಗಾಯ್ತು. ಅವರು ಕೈ ಹಾಕಿದ್ದು ಸಣ್ಣಪುಟ್ಟ ಮಂತ್ರವಾದಿಗಳಿಗಲ್ಲ. ದೇಶದ ನ್ಯಾಯಮೂರ್ತಿಗಳು, ಮಂತ್ರಿಗಳು, ವಿಜ್ಞಾನಿಗಳು ಕಾಲಿಗೆ ಬೀಳ್ತಿದ್ದ ಸತ್ಯ ಸಾಯಿಬಾಬಾ ಅವರಿಗೇ ಪತ್ರ ಬರೆದರು. ನಿಮ್ಮ ಪವಾಡಗಳನ್ನ ಸಮಿತಿ ಮುಂದೆ ಮಾಡಿ ತೋರಿಸಿ ಅಂತ ವಿನಯವಾಗಿ ಕೇಳಿದರು. ಒಂದಲ್ಲ, ಮೂರು ಪತ್ರ. ಸಹಕಾರ ಸಿಗಲಿಲ್ಲ. ವಿಭೂತಿ, ಉಂಗುರ ಬೇಡ, ಅಂಗೈಯಲ್ಲಿ ಬಚ್ಚಿಡೋಕಾಗದ ಕುಂಬಳಕಾಯಿ ಸೃಷ್ಟಿಸಲಿ ಅನ್ನೋ ಎಚ್ಚೆನ್ ಸವಾಲು ಆಮೇಲೆ ನಾಡಿನ ಗಾದೆಯಂತಾಯ್ತು.

ಅದೇ ಜುಲೈನಲ್ಲಿ ಸಮಿತಿ ಪಾಂಡವಪುರಕ್ಕೆ ಹೋಯಿತು. ಅಲ್ಲೊಬ್ಬ ಪುಟ್ಟ ಹುಡುಗ ಬರಿಗೈಯಿಂದ ವಿಭೂತಿ ಉದುರಿಸ್ತಾನೆ ಅಂತ ಸುದ್ದಿ. ಜನ ಸಾಲುಗಟ್ಟಿ ನಿಂತಿದ್ದರು. ಅಂಗಿ ಬಿಚ್ಚಿಸಿ ನೋಡಿದಾಗ ವಿಭೂತಿ ಇದ್ದದ್ದು ಬನಿಯನ್ ಒಳಗೆ. ಪವಾಡ ಅಲ್ಲಿಗೆ ಮುಗಿಯಿತು. ಆದರೆ ಒಂದು ಮಗುವನ್ನ ಹೀಗೆ ಪ್ರದರ್ಶನಕ್ಕೆ ನಿಲ್ಲಿಸಿದ ದೊಡ್ಡವರು ಯಾರು, ಅದರಿಂದ ಲಾಭ ಯಾರಿಗೆ ಅನ್ನೋ ಪ್ರಶ್ನೆ ಹಾಗೇ ಉಳಿಯಿತು.

ಇಲ್ಲೊಂದು ವಿಚಿತ್ರ ನೋಡಿ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳೋದು ಪ್ರತಿ ಪ್ರಜೆಯ ಕರ್ತವ್ಯ ಅಂತ ಸಂವಿಧಾನದ 51ಎ ವಿಧಿಗೆ ಸೇರಿಸಿದ 42ನೇ ತಿದ್ದುಪಡಿಗೆ ಸಂಸತ್ತು ಒಪ್ಪಿಗೆ ಕೊಟ್ಟಿದ್ದೂ 1976ರಲ್ಲೇ. ದೆಹಲಿಯಲ್ಲಿ ಅದು ಕಾಗದದ ಮೇಲೆ ಬಂತು. ಬೆಂಗಳೂರಿನಲ್ಲಿ ಒಬ್ಬ ಮೇಷ್ಟ್ರು ಅದನ್ನ ಮಾಡಿ ತೋರಿಸೋಕೆ ಹೋದಾಗ "ಇದು ವಿಶ್ವವಿದ್ಯಾಲಯದ ಕೆಲಸವಾ?" ಅಂತ ಕೇಳಿದವರೇ ಹೆಚ್ಚು. ಎಚ್ಚೆನ್ 1977ರಲ್ಲಿ ಕುಲಪತಿ ಸ್ಥಾನ ಬಿಟ್ಟರು. ಆ ಪ್ರಯೋಗವನ್ನ ಅದೇ ಎದೆಗಾರಿಕೆಯಿಂದ ಮುಂದುವರಿಸಿದ ಇನ್ನೊಬ್ಬ ಕುಲಪತಿಯನ್ನ ನಾವು ಕಾಣಲಿಲ್ಲ.

ಅಲ್ಲಿಂದ ಮುಂದೆ ತಂತ್ರಜ್ಞಾನ ಬೆಳೆದಂತೆ ಮೌಢ್ಯ ಕರಗಬೇಕಿತ್ತು. ಆಗಿದ್ದು ಉಲ್ಟಾ. 1980ರ ಫೆಬ್ರವರಿ 16ರಂದು ಉತ್ತರ ಕರ್ನಾಟಕದ ನೆತ್ತಿ ಮೇಲೆ ಪೂರ್ಣ ಸೂರ್ಯಗ್ರಹಣ. ಆ ಕೆಲವೇ ನಿಮಿಷಕ್ಕಾಗಿ ವಿಜ್ಞಾನಿಗಳು ದೂರದೂರದಿಂದ ದೂರದರ್ಶಕ ಹೊತ್ತುಕೊಂಡು ಬಂದರು. ನಮ್ಮ ಜನ ಬಾಗಿಲು ಹಾಕಿಕೊಂಡು ಒಳಗೆ ಕೂತರು. 1990ರ ದಶಕದಲ್ಲಿ ಬಾಗಿಲು ತಟ್ಟೋ ದೆವ್ವದ ಸುದ್ದಿ ಹಬ್ಬಿ, ಬೆಂಗಳೂರಿನ ಸುತ್ತಮುತ್ತಲ ಮನೆಗಳ ಗೋಡೆ ಮೇಲೆ "ನಾಳೆ ಬಾ" ಅಂತ ಬರೆದರು. ದೆವ್ವಕ್ಕೂ ಕನ್ನಡ ಓದೋಕೆ ಬರುತ್ತೆ ಅನ್ನೋ ನಂಬಿಕೆ! ಸಾಕ್ಷರತೆಯಿಂದ ಮೌಢ್ಯ ಹೋಗಲಿಲ್ಲ, ಮೌಢ್ಯವೇ ಸಾಕ್ಷರವಾಯ್ತು. 1995ರ ಸೆಪ್ಟೆಂಬರ್ 21ರಂದು ದೆಹಲಿಯಲ್ಲಿ ಗಣಪತಿ ಹಾಲು ಕುಡಿದ ಸುದ್ದಿ ಒಂದೇ ದಿನದಲ್ಲಿ ದೇಶ ದಾಟಿತು. ಹಬ್ಬಿಸಿದ್ದು ಫೋನು, ಟಿವಿ. ದ್ರವದ ಮೇಲ್ಮೈ ಸೆಳೆತದಿಂದ ಹಾಲು ಚಮಚೆಯಿಂದ ಜಾರಿ ಕಲ್ಲಿನ ಮೈಮೇಲೆ ತೆಳ್ಳಗೆ ಇಳಿಯುತ್ತೆ ಅಂತ ವಿಜ್ಞಾನಿಗಳು ಬಣ್ಣ ಹಾಕಿದ ಹಾಲಿನಲ್ಲೇ ತೋರಿಸಿದರು. ಆ ವಿವರಣೆ ಊರು ತಲುಪೋ ಹೊತ್ತಿಗೆ ಅಂಗಡಿಗಳಲ್ಲಿ ಹಾಲು ಖಾಲಿ.

ಹಾಗಾದ್ರೆ ವಿಜ್ಞಾನ ಓದಿದವರ ತಲೆಯಲ್ಲೂ ಇದು ಹೇಗೆ ಉಳಿಯುತ್ತೆ? ಇದಕ್ಕೊಂದು ಒಳ್ಳೇ ಉತ್ತರ ಕೊಟ್ಟವನು ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ. ಮೊದಲ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಇದ್ದು ಅಲ್ಲಿನ ಮೀನುಗಾರರನ್ನ ನೋಡಿದ. ಒಳಗಿನ ಶಾಂತವಾದ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಅವರು ಯಾವ ಮಂತ್ರವನ್ನೂ ಹೇಳ್ತಿರಲಿಲ್ಲ. ಅದೇ ಜನ ತೆರೆದ ಸಮುದ್ರಕ್ಕೆ ಹೊರಟರೆ ಮಾತ್ರ ಮಾಟ ಮಂತ್ರ ಎಲ್ಲಾ ಶುರು. ಮನುಷ್ಯ ಅದೇ, ಬುದ್ಧಿ ಅದೇ. ಬದಲಾಗಿದ್ದು ಅನಿಶ್ಚಿತತೆ.

ಯಲಹಂಕ, ದೊಡ್ಡಬಳ್ಳಾಪುರದ ಕಡೆ ಬೋರ್‌ವೆಲ್ ಕೊರೆಸಿದವರನ್ನ ಕೇಳಿ, ಇದು ತಕ್ಷಣ ಅರ್ಥವಾಗುತ್ತೆ. ಇಲ್ಲಿ ವರ್ಷಪೂರ್ತಿ ಹರಿಯೋ ನದಿ ಇಲ್ಲ. ಕೆಳಗೆ ಗಟ್ಟಿ ಬಂಡೆ. ನೀರು ಸಿಕ್ಕರೆ ಆ ಬಂಡೆಯ ಬಿರುಕಿನಲ್ಲಿ ಮಾತ್ರ. ಸಾವಿರ ಅಡಿ ಕೊರೆಸಿದ್ರೂ ಧೂಳು ಬರಬಹುದು, ಲಕ್ಷಗಟ್ಟಲೆ ದುಡ್ಡು ಮಣ್ಣುಪಾಲು. ಆಗ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತೋ ಮನುಷ್ಯ ದೇವರ ಹಾಗೆ ಕಾಣ್ತಾನೆ. ಕಾಯಿ ಎದ್ದು ನಿಂತ ಕಡೆ ನೀರು ಬಂದ್ರೆ ಹತ್ತು ಊರಿಗೆ ಸುದ್ದಿ. ಬರದಿದ್ರೆ? ಆ ಗುಂಡಿ ಮುಚ್ಚುತ್ತೆ, ಕಥೆಯೂ ಮುಚ್ಚುತ್ತೆ. ಹತ್ತಿರದಲ್ಲೇ ಕೃಷಿ ವಿಶ್ವವಿದ್ಯಾಲಯ ಇದ್ರೂ ರೈತ ಕಾಯಿ ಹಿಡಿದವನನ್ನೇ ಯಾಕೆ ಕರೀತಾನೆ? ಭೂವಿಜ್ಞಾನಿ "ಸಾಧ್ಯತೆ ಇದೆ" ಅಂತಾನೆ. ಕಾಯಿ ಹಿಡಿದವನು "ಇಲ್ಲೇ ಇದೆ" ಅಂತಾನೆ. ಸಾಲ ಮಾಡಿದವನಿಗೆ ಬೇಕಿರೋದು ಎರಡನೇ ಮಾತು.

ರಾಕೆಟ್ ಹಾರಿಸೋರೂ ತೆರೆದ ಸಮುದ್ರಕ್ಕೆ ಹೊರಟವರೇ. ಇಸ್ರೋ ಅಧ್ಯಕ್ಷರು ಉಡಾವಣೆಗೆ ಮುಂಚೆ ತಿರುಪತಿಗೆ ಹೋಗೋದನ್ನ ನಾವು ಟಿವಿಯಲ್ಲೇ ತೋರಿಸ್ತೀವಿ. ಪಿಎಸ್‌ಎಲ್‌ವಿ ಸಿ-12 ಆದ ಮೇಲೆ ಬಂದದ್ದು ಸಿ-14, 13 ಕಾಣಲೇ ಇಲ್ಲ. ನಾವೊಬ್ಬರೇ ಅಂದ್ಕೋಬೇಡಿ. 1964ರಲ್ಲಿ ರೇಂಜರ್-7 ಗೆದ್ದ ದಿನ ಕಂಟ್ರೋಲ್ ರೂಮಿನಲ್ಲಿ ಕಡಲೆಕಾಯಿ ತಿಂದಿದ್ದರು ಅಂತ ನಾಸಾದ ಜೆಪಿಎಲ್‌ನಲ್ಲಿ ಆಮೇಲೂ ಕಡಲೆಕಾಯಿ ಹಂಚಿಕೊಂಡು ಬಂದರು. ಗಗಾರಿನ್ ಬಸ್ಸಿನ ಚಕ್ರಕ್ಕೆ ಮೂತ್ರ ಮಾಡಿದ ಅಂತ ರಷ್ಯಾದ ಗಗನಯಾತ್ರಿಗಳು ದಶಕಗಟ್ಟಲೆ ಅದನ್ನೇ ಮಾಡಿದರು. 2019ರ ಅಕ್ಟೋಬರ್‌ನಲ್ಲಿ ರಫೇಲ್ ವಿಮಾನದ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗ ಜಗತ್ತು ನಕ್ಕಿತು. ಕಡಲೆಕಾಯಿ ನೋಡಿದವರು ನಿಂಬೆಹಣ್ಣಿಗೆ ನಗೋ ಹಾಗಿಲ್ಲ.

ಆದರೆ ಒಂದು ವ್ಯತ್ಯಾಸ ಇದೆ. ಕಡಲೆಕಾಯಿ ತಿಂದ ಇಂಜಿನಿಯರ್ ಲೆಕ್ಕ ಮಾಡೋದು ನಿಲ್ಲಿಸಲ್ಲ. ತಿರುಪತಿಗೆ ಹೋಗಿ ಬಂದ ವಿಜ್ಞಾನಿ ಇಂಧನದ ಕವಾಟ ಪರೀಕ್ಷಿಸದೆ ಬಿಡಲ್ಲ. ಆಚರಣೆ ಲೆಕ್ಕದ ಪಕ್ಕದಲ್ಲಿ ಕೂತಿರೋವರೆಗೆ ಅದು ಅವರವರ ಮನಸ್ಸಿನ ವಿಷಯ. ಲೆಕ್ಕದ ಜಾಗದಲ್ಲೇ ಕೂತ ದಿನ ಅದು ಅಪಾಯ. ನನ್ನ ಪ್ರಕಾರ ಭಕ್ತಿಗೂ ಮೌಢ್ಯಕ್ಕೂ ಗೆರೆ ಇರೋದು ಇಲ್ಲಿ.

ಆ ಗೆರೆ ದಾಟಿದ್ರೆ ಏನಾಗುತ್ತೆ ಅನ್ನೋದಕ್ಕೆ ಚಾಮರಾಜನಗರ ನೋಡಿ. ಅಲ್ಲಿಗೆ ಹೋದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ತಾರೆ ಅಂತ ಮಾತು. ದೇವರಾಜ ಅರಸು, ಗುಂಡೂರಾವ್, ಹೆಗಡೆ, ಬೊಮ್ಮಾಯಿ, ವೀರೇಂದ್ರ ಪಾಟೀಲ್ ಅಂತ ಪಟ್ಟಿ ಓದ್ತಾರೆ. ಲೆಕ್ಕ ಹಾಕೋಣ. 1977ರಿಂದ 2013ರವರೆಗೆ ಒಂದು ವಿಧಾನಸಭೆಯ ಪೂರ್ತಿ ಐದು ವರ್ಷ ಕುರ್ಚಿಯಲ್ಲಿ ಕೂತ ಮುಖ್ಯಮಂತ್ರಿ ಕರ್ನಾಟಕದಲ್ಲಿ ಒಬ್ಬರೂ ಇಲ್ಲ. ಅಂದ್ರೆ ಅವರೆಲ್ಲಾ ಹೋಗಿದ್ದ ಯಾವ ಊರಿನ ಹೆಸರು ಹೇಳಿದ್ರೂ ಇದೇ ಪಟ್ಟಿ ತಯಾರಾಗುತ್ತೆ! ಆ ಕಡೆ ತಲೆ ಹಾಕದೆ ಇದ್ದವರ ಕುರ್ಚಿಯೂ ಉಳಿಯಲಿಲ್ಲ. 1997ರಲ್ಲಿ ಜೆ.ಎಚ್. ಪಟೇಲರು ಹೊಸ ಜಿಲ್ಲೆಗೆ ಚಾಲನೆ ಕೊಟ್ಟದ್ದು ಮಲೆ ಮಹದೇಶ್ವರ ಬೆಟ್ಟದಿಂದ. ಬೆಟ್ಟ ಇರೋದೂ ಅದೇ ಜಿಲ್ಲೆಯಲ್ಲಿ ಅಂತ ಶಾಪಕ್ಕೆ ಗೊತ್ತಾಗಲಿಲ್ಲವೇನೋ. ಸಿದ್ದರಾಮಯ್ಯ ಮತ್ತೆ ಮತ್ತೆ ಅಲ್ಲಿಗೆ ಹೋದರು. 2016ರಲ್ಲಿ ಅವರ ಕಾರಿನ ಮೇಲೆ ಕಾಗೆ ಕೂತಿದ್ದನ್ನ ಚಾನೆಲ್ಲುಗಳು ದಿನಗಟ್ಟಲೆ ತೋರಿಸಿದವು. ಅವರು 2013ರಿಂದ 2018ರವರೆಗೆ ಪೂರ್ತಿ ಐದು ವರ್ಷ ಮುಗಿಸಿದರು. ಕಾಗೆಯೂ ಸೋತಿತು, ಶಾಪವೂ ಸೋತಿತು. ನಷ್ಟ ಆಗಿದ್ದು ಮಾತ್ರ ವರ್ಷಗಟ್ಟಲೆ ಮುಖ್ಯಮಂತ್ರಿಯ ಮುಖ ಕಾಣದ ಆ ಜಿಲ್ಲೆಗೆ.

ಲೆಕ್ಕ ಹಾಕೋ ಕೆಲಸವನ್ನ ಖಗೋಳ ವಿಜ್ಞಾನಿ ಜಯಂತ್ ನಾರ್ಲಿಕರ್ 2008ರಲ್ಲಿ ಪುಣೆಯಲ್ಲಿ ಮಾಡಿದರು. ನರೇಂದ್ರ ದಾಭೋಲ್ಕರ್ ಅವರ ಸಂಘಟನೆ ಜೊತೆಗಿತ್ತು. ಅರ್ಧ ಜಾಣ ಮಕ್ಕಳ, ಅರ್ಧ ಬುದ್ಧಿಮಾಂದ್ಯ ಮಕ್ಕಳ ಒಟ್ಟು 200 ಜಾತಕ ಸೇರಿಸಿ, 27 ಜ್ಯೋತಿಷಿಗಳಿಗೆ ತಲಾ 40 ಕೊಟ್ಟು ಯಾವುದು ಯಾರದು ಹೇಳಿ ಅಂದರು. ಸರಾಸರಿ ಸರಿ ಉತ್ತರ ಶೇಕಡಾ 46. ನಾಣ್ಯ ಚಿಮ್ಮಿದ್ರೆ 50 ಬರುತ್ತೆ.

ಪ್ರಶ್ನೆ ಕೇಳಿದವರಿಗೆ ಈ ನೆಲ ಕೊಟ್ಟ ಉತ್ತರ ಏನು? 2013ರ ಆಗಸ್ಟ್‌ನಲ್ಲಿ ದಾಭೋಲ್ಕರ್ ಕೊಲೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರಿಗೆ ಮನೆ ಬಾಗಿಲಲ್ಲೇ ಗುಂಡು. ಹನ್ನೆರಡನೇ ಶತಮಾನದಲ್ಲೇ ಶರಣರು ಪ್ರಶ್ನೆ ಕೇಳಿದ ನಾಡು ಇದು.

ಬೆಲೆ ಕಟ್ಟೋರು ಯಾರು ಅಂತ ಯಾವಾಗಲೂ ಕೇಳಬೇಕು. ಯಲಹಂಕ ನಾಡಪ್ರಭುಗಳ ಕೋಟೆ ಬಾಗಿಲು ಬೀಳ್ತಾನೇ ಇತ್ತು, ಅದು ನಿಲ್ಲಲಿ ಅಂತ ಕೆಂಪೇಗೌಡರ ಗರ್ಭಿಣಿ ಸೊಸೆ ಲಕ್ಷ್ಮಮ್ಮ ಪ್ರಾಣ ಕೊಟ್ಟಳು ಅಂತ ಐತಿಹ್ಯ. ಕೋರಮಂಗಲದಲ್ಲಿ ಆಕೆಯ ಸ್ಮಾರಕಕ್ಕೆ ನಾವು ಕೈ ಮುಗೀತೀವಿ. ಬಾಗಿಲು ಸರಿಯಾಗಿ ನಿಲ್ಲಿಸೋ ಬಡಗಿ ಇರಲಿಲ್ಲವಾ ಅಂತ ಐತಿಹ್ಯ ಕೇಳಲ್ಲ. ನಾನೂರು ಐನೂರು ವರ್ಷ ಮುಂದೆ ಬನ್ನಿ. 2019ರ ಡಿಸೆಂಬರ್ 26, ಸೂರ್ಯಗ್ರಹಣ. ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನ ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತರು. ಗ್ರಹಣದ ಹೊತ್ತಿನಲ್ಲಿ ಹೂತರೆ ಅಂಗವೈಕಲ್ಯ ವಾಸಿಯಾಗುತ್ತೆ ಅನ್ನೋ ನಂಬಿಕೆ. ಮಕ್ಕಳು ಅಳ್ತಾ ಇದ್ದರು. ಅದನ್ನ ಮಾಡಿದವರು ಕ್ರೂರಿಗಳಲ್ಲ, ಹೆತ್ತವರು.

ಇಂಥ ಆಚರಣೆಗಳ ವಿರುದ್ಧ 2017ರಲ್ಲೇ ವಿಧಾನಮಂಡಲ ಒಪ್ಪಿದ್ದ ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆ ಜಾರಿಗೆ ಬಂದದ್ದು 2020ರ ಜನವರಿ 4ರಂದು. ಆ ಮಕ್ಕಳನ್ನ ಹೂತ ಒಂಬತ್ತು ದಿನದ ಮೇಲೆ. ಮಡೆಸ್ನಾನ, ಭಾನಾಮತಿ, ಬಾಯಿಗೆ ಸರಳು ಚುಚ್ಚೋದು, ಹಾವು ಕಚ್ಚಿದವರನ್ನ ಆಸ್ಪತ್ರೆಗೆ ಬಿಡದೆ ಮಂತ್ರ ಹಾಕೋದು, ಎಲ್ಲಾ ಈಗ ಅಪರಾಧ. ಒಂದರಿಂದ ಏಳು ವರ್ಷ ಜೈಲು. ಜ್ಯೋತಿಷ್ಯ, ವಾಸ್ತು ಮಾತ್ರ ಕಾಯ್ದೆಯಿಂದ ಹೊರಗೆ. ಬಡವನ ಮೌಢ್ಯಕ್ಕೆ ಸೆಕ್ಷನ್ನು, ಫ್ಲ್ಯಾಟ್ ಕೊಳ್ಳೋನ ಮೌಢ್ಯಕ್ಕೆ ಕನ್ಸಲ್ಟಿಂಗ್ ಫೀಸು.

ನಮ್ಮ ಉದ್ಯಮದ ಮಾತು ಬಿಟ್ಟರೆ ಇದು ಪೂರ್ತಿಯಾಗಲ್ಲ. ಮೂಢನಂಬಿಕೆಗೆ ಪ್ರೋತ್ಸಾಹ ಕೊಡೋ ಕಾರ್ಯಕ್ರಮ ಪ್ರಸಾರ ಮಾಡಬಾರದು ಅಂತ 1994ರ ಕೇಬಲ್ ಟಿವಿ ನಿಯಮಗಳಲ್ಲೇ ಬರೆದಿದೆ. ಗ್ರಹಣದ ದಿನ ಯಾವ ಕನ್ನಡ ಚಾನೆಲ್ ಹಾಕಿದ್ರೂ ಆ ನಿಯಮ ಎಲ್ಲಿದೆ ಅಂತ ನಿಮಗೇ ಕಾಣುತ್ತೆ. ರಾಶಿಫಲಕ್ಕೆ ನೋಡುಗರಿದ್ದಾರೆ ಅಂತ ನಾವು ಹೇಳ್ತೀವಿ, ಟಿವಿಯಲ್ಲೇ ಬಂತು ಅಂತ ನೋಡುಗರು ಹೇಳ್ತಾರೆ. ಭಯ ಮಾರಾಟವಾಗೋ ಸರಕು. ಆ ಅಂಗಡಿ ಬಾಗಿಲು ಹಾಕೋಕೆ ರಿಮೋಟ್ ನಿಮ್ಮ ಕೈಯಲ್ಲಿದೆ, ಮೈಕು ನಮ್ಮ ಕೈಯಲ್ಲಿದೆ. ಇಬ್ಬರೂ ಜವಾಬ್ದಾರರು.

ಎಚ್ಚೆನ್ 2005ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಪಾಠ ಕಷ್ಟದ್ದೇನೂ ಅಲ್ಲ: ಯಾರೇ ಹೇಳಲಿ, ಕೇಳದೆ ಒಪ್ಪಬೇಡಿ. ಮುಂದಿನ ಸಲ ಯಾರಾದ್ರೂ ಪರಿಹಾರ ಹೇಳಿದಾಗ ಮೂರೇ ಮೂರು ಪ್ರಶ್ನೆ ಕೇಳಿ. ಇದು ಫಲಿಸದೆ ಹೋದವರ ಲೆಕ್ಕ ಎಲ್ಲಿದೆ? ಇದರಿಂದ ದುಡ್ಡು ಯಾರಿಗೆ? ಇದರಿಂದ ನೋವು ಯಾರಿಗೆ? ಇದನ್ನ ಕೇಳೋಕೆ ಭೌತಶಾಸ್ತ್ರದ ಡಿಗ್ರಿ ಬೇಕಿಲ್ಲ.

ಜೊತೆಗೆ ಸರ್ಕಾರಕ್ಕೂ ಒಂದು ಪ್ರಶ್ನೆ. ತಾಜಸುಲ್ತಾನಪುರದ ಆ ತಾಯಂದಿರಿಗೆ ಊರಿನ ಹತ್ತಿರದಲ್ಲೇ ಒಬ್ಬ ಫಿಸಿಯೋಥೆರಪಿಸ್ಟ್ ಇದ್ದಿದ್ರೆ, ವಾರಕ್ಕೊಂದು ಸಲ "ಮಗು ಹೇಗಿದೆಯಮ್ಮಾ?" ಅಂತ ಕೇಳೋರು ಇದ್ದಿದ್ರೆ, ಅವರು ಗುಂಡಿ ತೋಡೋಕೆ ಗ್ರಹಣ ಕಾಯ್ತಿದ್ದರಾ?